ಜ್ವರಸೆಳೆತ

ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ, ಮಿದುಳಿನ ಸೋಂಕಾಗಲಿ ರಕ್ತದ ಲವಣಾಂಶಗಳ ಏರುಪೇರಾಗಲಿ ಇಲ್ಲದೆ, ಜ್ವರದೊಡನೆ ಕಾಣಿಸಿಕೊಳ್ಳುವ ಸೆಳೆತ. ಆಡುಮಾತಿನಲ್ಲಿ ಜ್ವರದ ಫಿಟ್ಸ್. ಹಿಂದಿನವರು ಬಾಲಗ್ರಹವೆಂದು ಹೆದರುತ್ತಿದ್ದುದರಲ್ಲಿ ಇದರ ಪಾಲು ಸಣ್ಣದಿರಲಾರದು. ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಒಮ್ಮೆಯಾದರೂ ಬರುವ ಈ ಸೆಳೆತದಲ್ಲಿ ಕಣ್ಣು ಮೇಲಾಗಿ, ಕೈಕಾಲು ಸೆಟೆದು ಅದುರಿ, ಪ್ರಜ್ಞೆ ತಪ್ಪುತ್ತದೆ. ಎಷ್ಟೋ ವೇಳೆ ಮಗುವಿಗೆ ಜ್ವರವಿದೆಯೆಂದು ಮನೆಯವರಿಗೆ ತಿಳಿಯುವುದೇ ಆಗ.

ಜ್ವರಕ್ಕೆ ಕಾರಣ ಹೆಚ್ಚಾಗಿ ಇನ್‌ಫ್ಲುಯೆಂಜಾ, ಅಡಿನೊವೈರಸ್, ಆರ್‌ಎಸ್‌ವಿ ಮೊದಲಾದ ಉಸಿರಾಟದ ವೈರಾಣುಗಳು. ಉಡುಪಿ ಜಿಲ್ಲೆಯ ಪಡುಬಿದ್ರಿ, ಕಾಪು ಕರಾವಳಿಯಲ್ಲಿ ಮುಂಗಾರು ಹಿಡಿಯುವುದೂ ಶಾಲೆಗಳು ತೆರೆಯುವುದೂ ಹೆಚ್ಚುಕಡಿಮೆ ಒಟ್ಟಿಗೇ ಆಗುವುದರಿಂದ, ದೊಡ್ಡ ಮಕ್ಕಳು ತಂದ ಶೀತ ಬಾಗಿಲು ಮುಚ್ಚಿದ ಮನೆಯೊಳಗೆ ಕೂಸುಗಳಿಗೆ ಬೇಗನೆ ಅಂಟುತ್ತದೆ. ವೈರಾಣು ಮಿದುಳನ್ನು ಹೊಗಬೇಕೆಂದಿಲ್ಲ. ಅದನ್ನು ಎದುರಿಸುವಾಗ ದೇಹವೇ ಸ್ರವಿಸುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶವಸ್ತು ಮೈಬಿಸಿಯನ್ನು ಏರಿಸುವುದರ ಜೊತೆಗೆ ಎಳೆಯ ನರಕೋಶಗಳನ್ನೂ ಉದ್ರೇಕಿಸುತ್ತದೆಂದು ತಿಳಿಯಲಾಗಿದೆ. ಅನುವಂಶಿಕತೆಯ ಪಾತ್ರವೂ ಸ್ಪಷ್ಟವಾಗಿದ್ದು, ತಂದೆತಾಯಿಗೋ ಒಡಹುಟ್ಟಿದವರಿಗೋ ಬಂದಿದ್ದರೆ ಸಂಭವ ಹೆಚ್ಚು.

ಮೈಯೆಲ್ಲ ಒಟ್ಟಾಗಿ ಅದುರಿ, 15 ನಿಮಿಷದೊಳಗೆ ನಿಂತು, 24 ಗಂಟೆಯೊಳಗೆ ಮರುಕಳಿಸದಿದ್ದರೆ ಅದು ಸರಳ ಸೆಳೆತ; ಒಂದೇ ಪಕ್ಕಕ್ಕೆ ಬಂದರೆ, ದೀರ್ಘವಾದರೆ ಅಥವಾ ಮರುಕಳಿಸಿದರೆ ಜಟಿಲ. ಬಹುಪಾಲು ಸೆಳೆತಗಳು ಕೆಲವೇ ನಿಮಿಷಗಳಲ್ಲಿ ತಾವಾಗಿ ನಿಲ್ಲುತ್ತವೆ. ಐದು ನಿಮಿಷ ದಾಟಿದ್ದನ್ನು ಮಾತ್ರ ಔಷಧದಿಂದ ನಿಲ್ಲಿಸಬೇಕಾಗುತ್ತದೆ. ಪಡುಬಿದ್ರಿಯಿಂದ ಉಡುಪಿಯೂ, ಹೆದ್ದಾರಿಯಿಂದ ಕವಲೊಡೆದು ಸಿಗುವ ಕಾರ್ಕಳವೂ ಸುಮಾರು 25 ಕಿ.ಮೀ. ದೂರದಲ್ಲಿರುವಾಗ, ಈ ಐದು ನಿಮಿಷ ಕಳೆಯುವುದು ಮನೆಯಲ್ಲೇ. ಆದುದರಿಂದ ಮನೆಯವರ ತಿಳಿವಳಿಕೆಯೇ ಇಲ್ಲಿನ ಮೊದಲ ಚಿಕಿತ್ಸೆ. ಮಗುವನ್ನು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ, 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು. ಬಾಯಿಗೆ ಚಮಚ, ಬೆರಳು, ನೀರು ಯಾವುದನ್ನೂ ಹಾಕಬಾರದು. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಸಮಯ ಕಳೆಯುತ್ತವೆಯೇ ಹೊರತು ಸೆಳೆತವನ್ನು ನಿಲ್ಲಿಸವು. ಹಿಂದೆ ದೀರ್ಘ ಸೆಳೆತ ಬಂದಿದ್ದ ಮಗುವಿನ ಮನೆಯಲ್ಲಿ ವೈದ್ಯರು ಸೂಚಿಸಿದ ಮಿಡಜೋಲಾಮ್ ಮೂಗಿನ ಸ್ಪ್ರೇ ಇರುವುದು ಒಳಿತು.

ಸೆಳೆತ ನಿಂತ ಮೇಲೂ ಎಚ್ಚರಗೊಳ್ಳದ, ಕುತ್ತಿಗೆ ಬಿಗಿದ, ಪದೇಪದೇ ವಾಂತಿ ಮಾಡುವ ಮಗುವಿನಲ್ಲಿ ಮಿದುಳುಪೊರೆಯ ಉರಿಯೂತವನ್ನೋ ಮಿದುಳುಜ್ವರವನ್ನೋ ಶಂಕಿಸಿ ಬೆನ್ನುಹುರಿ ದ್ರವವನ್ನು ಪರೀಕ್ಷಿಸುತ್ತಾರೆ. 2018ರ ಮೇ ತಿಂಗಳಲ್ಲಿ ಕೇರಳದ ನಿಪಾ ಸೋಂಕನ್ನು ಪತ್ತೆಹಚ್ಚಿದ ಮಣಿಪಾಲದ ವೈರಾಣು ಪ್ರಯೋಗಾಲಯದಂಥ ಸಂಸ್ಥೆಯ ನೆರವು ಬೆಲೆಯುಳ್ಳದ್ದಾಗುವುದು ಇಂಥ ಸಂದರ್ಭದಲ್ಲೇ. ಸರಳ ಸೆಳೆತದಲ್ಲಿ ವೈರಾಣುವಿನ ಹೆಸರು ತಿಳಿದರೂ ಚಿಕಿತ್ಸೆ ಬದಲಾಗುವುದು ವಿರಳ.

ಪ್ಯಾರಸಿಟಮಾಲ್ ಮಗುವಿನ ಬೇನೆಯನ್ನು ತಗ್ಗಿಸುತ್ತದೆ, ಆದರೆ ಮುಂದಿನ ಜ್ವರದಲ್ಲಿ ಸೆಳೆತ ಬರದಂತೆ ತಡೆಯದು. ಒಂದು ವರ್ಷ ತುಂಬುವ ಮುನ್ನ ಮೊದಲ ಸೆಳೆತ ಬಂದವರಲ್ಲಿ ಸುಮಾರು ಅರ್ಧದಷ್ಟು, ಅನಂತರ ಬಂದವರಲ್ಲಿ ಮೂರನೆಯ ಒಂದು ಪಾಲು ಮಕ್ಕಳಿಗೆ ಅದು ಮರುಕಳಿಸುತ್ತದೆ. ಅಮೆರಿಕದಲ್ಲಿ ಇಂಥ 1,706 ಮಕ್ಕಳನ್ನು ಏಳು ವರ್ಷ ತುಂಬುವವರೆಗೆ ಗಮನಿಸಿ ನೆಲ್ಸನ್ ಮತ್ತು ಎಲೆನ್‌ಬರ್ಗ್ 1976 ಹಾಗೂ 1978ರಲ್ಲಿ ಪ್ರಕಟಿಸಿದ ಅಧ್ಯಯನಗಳು, ಅವರಲ್ಲಿ ಬಹುತೇಕರಿಗೆ ಅಪಸ್ಮಾರ ಬರಲಿಲ್ಲವೆಂದೂ, ಮೊದಲು ಆರೋಗ್ಯವಾಗಿದ್ದವರ ಬುದ್ಧಿಶಕ್ತಿ ಸೆಳೆತ ಬಾರದ ಒಡಹುಟ್ಟಿದವರಿಗಿಂತ ಕಡಿಮೆಯಾಗಿರಲಿಲ್ಲವೆಂದೂ ತೋರಿಸಿದವು.