ಗಡಿ ಗೆರೆಯ ಆಚೆ-ಈಚೆ: ನಮ್ಮ ಸುತ್ತಲಿನ ಊರುಗಳ ಭೂಗೋಲ ಮತ್ತು ಇತಿಹಾಸ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆ ತರಬೇಕೆಂದು ಆಡಳಿತ ಮಂಡಳಿಯಲ್ಲಿ ಠರಾವಾಯಿತು. ಸಾಲ, ಠೇವಣಿ, ಷೇರು, ಲಾಭ-ಹಾನಿಯ ವಿವರ ಬೇರೆ ಪುಟಗಳಲ್ಲಿವೆ. ನಾವು ಇಲ್ಲಿ ಬರೆಯುವುದು ನಮ್ಮ ಸುತ್ತಲಿನ ಊರುಗಳ ಬಗ್ಗೆ. ದೂಧಗಂಗೆಯ ದಂಡೆಯ ನಮ್ಮಂಥ ಹಳ್ಳಿಗಳ ಬದುಕು ಒಂದೇ ತಾಲೂಕಿನಲ್ಲಿ ಮುಗಿಯುವುದಿಲ್ಲ. ಚಿಕ್ಕೋಡಿ ಕಚೇರಿ, ನಿಪ್ಪಾಣಿ ಪ್ಯಾಟಿ, ಮಿರಜ ದವಾಖಾನೆ, ಸಾಂಗಲಿ ಅರಿಷಿಣ ಬಜಾರ, ಕೊಲ್ಹಾಪುರದ ಬೆಲ್ಲದ ಅಡತಿ, ಇವೆಲ್ಲ ಸೇರಿದರೇ ನಮ್ಮ ಬದುಕು. ಆದರೆ ಈ ಊರುಗಳ ನಡುವೆ ಎರಡು ರಾಜ್ಯಗಳ ಗಡಿ ಹಾದುಹೋಗಿದೆ. ಆ ಗೆರಿ ಹೆಂಗ ಬಂತು, ಅದಕ್ಕೂ ಮೊದಲು ಏನಿತ್ತು ಎಂಬುದು ನಮ್ಮ ಹುಡುಗರಿಗೆ ಗೊತ್ತಿರಬೇಕು.

ಮೊದಲು ನೀರು, ಆಮೇಲೆ ಊರು

ನಮ್ಮ ಭಾಗದ ಭೂಗೋಲ ತಿಳಿಯಬೇಕಾದರೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಬೇಕು. ಸಹ್ಯಾದ್ರಿ ಆ ಕಡೆ ಇದೆ, ಮಳೆಯೂ ಅಲ್ಲೇ. ಘಟ್ಟದಲ್ಲಿ ಮುಂಗಾರು ಧೋ ಎಂದು ಸುರಿದರೆ, ಪೂರ್ವಕ್ಕೆ ಬಂದಂತೆ ಕಡಿಮೆಯಾಗುತ್ತ ಅಥಣಿ ಸೀಮೆಗೆ ಬರುವಷ್ಟರಲ್ಲಿ ಬರಗಾಲದ ನಾಡೇ ಆಗುತ್ತದೆ. ಮಳೆ ಅವರಲ್ಲಿ ಆಗುತ್ತದೆ, ಹೊಳಿ ನಮ್ಮಲ್ಲಿ ತುಂಬುತ್ತದೆ.

ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಕರಾಡ, ಸಾಂಗಲಿ ದಾಟಿ ನರಸೋಬಾವಾಡಿಗೆ ಬಂದಾಗ ಕೊಲ್ಹಾಪುರ ಕಡೆಯ ಪಂಚಗಂಗೆ ಅದನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಸ್ವಲ್ಪ ದೂರದಲ್ಲೇ ಕೃಷ್ಣೆ ಕರ್ನಾಟಕಕ್ಕೆ ಕಾಲಿಡುತ್ತದೆ. ರಾಧಾನಗರಿ ಕಡೆಯ ಘಟ್ಟದಿಂದ ದೂಧಗಂಗೆ, ಭುದರಗಡ ಸೀಮೆಯಿಂದ ವೇದಗಂಗೆ ಇಳಿದು ಬರುತ್ತವೆ. ವೇದಗಂಗೆ ದೂಧಗಂಗೆಯಲ್ಲಿ ಸೇರಿ, ದೂಧಗಂಗೆ ಕಲ್ಲೋಳ ಹತ್ತಿರ ಕೃಷ್ಣೆಯಲ್ಲಿ ಸೇರುತ್ತದೆ. ದಕ್ಷಿಣಕ್ಕೆ ಅಂಬೋಲಿ ಕಡೆಯಿಂದ ಬರುವ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜ, ಸಂಕೇಶ್ವರ ನೋಡಿಕೊಂಡು ಘಟಪ್ರಭೆಗೆ ಹೋಗುತ್ತದೆ. ಈ ನದಿಗಳಲ್ಲಿ ಹೆಚ್ಚಿನವು ಒಂದೇ ರಾಜ್ಯದ ಸೊತ್ತಲ್ಲ.

ನೀರು ತಡೆಯುವ ರೀತಿಯೂ ಎರಡೂ ಕಡೆ ಒಂದೇ. ನಾವು ಬಾಂದಾರ ಎನ್ನುವುದಕ್ಕೆ ಪುಸ್ತಕದಲ್ಲಿ 'ಕೊಲ್ಹಾಪುರ ಮಾದರಿ' ಎಂದೇ ಹೆಸರು. ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವೆ ಹಲಗೆ ಹಾಕಿ ನೀರು ನಿಲ್ಲಿಸುವುದು, ಮುಂಗಾರಿಗೆ ಮೊದಲು ಹಲಗೆ ತೆಗೆದು ಪೂರಕ್ಕೆ ದಾರಿ ಬಿಡುವುದು. ರಾಧಾನಗರಿಯಲ್ಲಿ ಭೋಗಾವತಿಗೆ ಅಣೆಕಟ್ಟು ಕಟ್ಟುವ ಕೆಲಸವನ್ನು ಕೊಲ್ಹಾಪುರದ ಶಾಹು ಮಹಾರಾಜರು 1909ರ ಸುಮಾರಿಗೆ ಹಿಡಿದರು. ಕಾಳಮ್ಮವಾಡಿಯ ದೂಧಗಂಗಾ ಯೋಜನೆ ಎರಡು ರಾಜ್ಯಗಳ ಪಾಲಿರುವ ಯೋಜನೆ. ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯ 51 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಈಗ ಕಾಣುವ ಕಬ್ಬಿನ ಹಸಿರೆಲ್ಲ ಇಂಥ ಕಟ್ಟಡಗಳಿಂದ ಬಂದದ್ದು.

ಕಲ್ಲುಗಳು ಹೇಳುವ ಮಾತು

ಕೃಷ್ಣೆಯ ದಂಡೆಗೆ, ಗಡಿಯಿಂದ ಕೂಗಳತೆಯಲ್ಲಿ ಖಿದ್ರಾಪುರ ಇದೆ. ಅದು ಕೊಲ್ಹಾಪುರ ಜಿಲ್ಲೆ ಶಿರೋಳ ತಾಲೂಕಿನ ಊರು. ಅಲ್ಲಿಯ ಕೋಪೇಶ್ವರ ಗುಡಿ ನೋಡದವರು ಒಮ್ಮೆ ನೋಡಬೇಕು. ಮುಂದಿನ ಸ್ವರ್ಗಮಂಟಪಕ್ಕೆ 48 ಕಂಬ, ನಡುವೆ ಆಕಾಶ ಕಾಣುವಂತೆ ದುಂಡಗೆ ತೆರೆದ ಮಾಡು. ಶಿವನ ಗುಡಿ ಆದರೂ ಅಲ್ಲಿ ನಂದಿ ಇಲ್ಲ. ಆ ನಂದಿ ನಮ್ಮ ಯಡೂರಿನಲ್ಲಿದೆ ಎಂದು ಹಿರಿಯರು ಹೇಳುತ್ತಾರೆ. ದೇವರು ಒಂದು ರಾಜ್ಯದಾಗ, ನಂದಿ ಇನ್ನೊಂದು ರಾಜ್ಯದಾಗ. ಇದಕ್ಕಿಂತ ಹೆಚ್ಚಿಗೆ ನಾವೇನು ಹೇಳೋಣ?

ಆ ಗುಡಿಯ ಶಾಸನಗಳಲ್ಲಿ ಕನ್ನಡವೂ ಇದೆ, ಸಂಸ್ಕೃತವೂ ಇದೆ. ಕೊಲ್ಹಾಪುರ ಆಳಿದ ಶಿಲಾಹಾರರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದವರು. ಅವರ ಕಾಲದ ಎಷ್ಟೋ ಶಾಸನಗಳು ಕನ್ನಡದವು. ಹದಿಮೂರನೇ ಶತಮಾನದ ಆರಂಭದಲ್ಲಿ ದೇವಗಿರಿಯ ಯಾದವ ಸಿಂಘಣ ಶಿಲಾಹಾರ ಭೋಜನನ್ನು ಸೋಲಿಸಿದ ಮೇಲೆ ಈ ಭಾಗ ಯಾದವರಿಗೆ ಹೋಯಿತು. ಈ ಕಡೆ ಸವದತ್ತಿಯ ರಟ್ಟರು ವೇಣುಗ್ರಾಮ, ಅಂದರೆ ಬೆಳಗಾವಿಯನ್ನು ರಾಜಧಾನಿ ಮಾಡಿಕೊಂಡರು. ಬೆಳಗಾವಿ ಕೋಟೆಯ ಕಮಲ ಬಸದಿ 1204ರದು. ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ಕೊಲ್ಹಾಪುರ ಸೀಮೆಯ ಶಾಸನಗಳನ್ನು ಹುಡುಕಿ ಓದಿ 1939ರಲ್ಲಿ ಪುಸ್ತಕ ಮಾಡಿದವರು ಕೆ.ಜಿ. ಕುಂದಣಗಾರರು. ಅವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸಿದವರು. ಅದೇ ಕಾಲೇಜಿನಲ್ಲಿ ಪಾಠ ಹೇಳಿದ ಇನ್ನೊಬ್ಬ ದೊಡ್ಡ ವಿದ್ವಾಂಸರು ನಮ್ಮ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ.ನೇ. ಉಪಾಧ್ಯೆ. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮುಂದೆ ದೇಶಕ್ಕೆಲ್ಲ ಹೆಸರಾದ ಆಚಾರ್ಯ ವಿದ್ಯಾಸಾಗರ ಮಹಾರಾಜರು 1946ರಲ್ಲಿ ಹುಟ್ಟಿದ್ದೂ ಸದಲಗಾದಲ್ಲೇ.

ಊರಿಗೊಬ್ಬ ಅರಸ

ವಿಜಾಪುರದ ಆದಿಲಶಾಹಿ, ಆಮೇಲೆ ಮರಾಠರು, ಪೇಶವೆಗಳು ಹೀಗೆ ಆಳಿಕೆ ಬದಲಾಗುತ್ತ ಬಂತು. ಹುಕ್ಕೇರಿಯ ಗುಮ್ಮಟಗಳು ಆದಿಲಶಾಹಿಯ ನೆನಪು. ಪೇಶವೆಗಳ ಕಾಲದಲ್ಲಿ ಮಿರಜ ಪಟವರ್ಧನರಿಗೆ ಬಂತು. ಆ ಮನೆತನ ಪಾಲಾಗಿ 1801ರಲ್ಲಿ ಚಿಂತಾಮಣರಾವ ಸಾಂಗಲಿಯನ್ನು ತಮ್ಮ ರಾಜಧಾನಿ ಮಾಡಿಕೊಂಡರು. ಕುರುಂದವಾಡ, ಜಮಖಂಡಿ ಕೂಡ ಪಟವರ್ಧನರ ಸಂಸ್ಥಾನಗಳೇ. ನಿಪ್ಪಾಣಿ ನಿಂಬಾಳ್ಕರ ದೇಸಾಯಿಯವರ ಕೈಯಲ್ಲಿತ್ತು.

1818ರಲ್ಲಿ ಪೇಶವಾಯಿ ಮುಗಿದು ಇಂಗ್ಲಿಷರ ಆಳಿಕೆ ಬಂತು. 1836ರಲ್ಲಿ ಧಾರವಾಡದಿಂದ ಬೇರೆಯಾಗಿ ಬೆಳಗಾವಿ ಜಿಲ್ಲೆ ಆಯಿತು. ಆದರೂ ಎಲ್ಲವೂ ಇಂಗ್ಲಿಷರದಲ್ಲ. ಚಿಕ್ಕೋಡಿ ಇಂಗ್ಲಿಷರದು, ಪಕ್ಕದ ರಾಯಬಾಗ ಕೊಲ್ಹಾಪುರ ಮಹಾರಾಜರದು. ಬೆಳಗಾವಿ ಇಂಗ್ಲಿಷರದು, ಅದಕ್ಕೆ ಅಂಟಿಕೊಂಡ ಶಹಾಪುರ ಸಾಂಗಲಿಯದು. ಒಂದು ದಿನದ ಬಂಡಿ ದಾರಿಯಲ್ಲಿ ಮೂರು ಸರಕಾರ ದಾಟುವ ಕಾಲ ಅದು. ಆಗಲೂ ಸಂತಿ ನಿಲ್ಲಲಿಲ್ಲ, ಬೀಗತನ ನಿಲ್ಲಲಿಲ್ಲ.

ಗೆರೆ ಬಂದ ಬಗೆ

ಸ್ವಾತಂತ್ರ್ಯ ಬಂದ ಮೇಲೆ 1948ರ ಮಾರ್ಚ್‌ನಲ್ಲಿ ಸಾಂಗಲಿ, ಮಿರಜ, ಜಮಖಂಡಿ ಮುಂತಾದ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ಸೇರಿದವು. 1949ರ ಮಾರ್ಚ್ 1ರಂದು ಕೊಲ್ಹಾಪುರ ಸೇರಿತು. ಅಲ್ಲಿಗೆ ನಮ್ಮ ಸುತ್ತಲಿನ ಊರುಗಳೆಲ್ಲ ಒಂದೇ ಸರಕಾರದ ಕೆಳಗೆ ಬಂದವು. ಈ ಒಂದಾಗಿರುವಿಕೆ ಎಂಟು ವರ್ಷವೂ ಉಳಿಯಲಿಲ್ಲ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ ರಚನೆಯಾಗಿ ಬೆಳಗಾವಿ ಜಿಲ್ಲೆ ಆಗಿನ ಮೈಸೂರು ರಾಜ್ಯಕ್ಕೆ ಬಂತು. ಚಂದಗಡ ತಾಲೂಕು ಮಾತ್ರ ಜಿಲ್ಲೆಯಿಂದ ಬೇರೆಯಾಗಿ ಆ ಕಡೆ ಉಳಿಯಿತು. ಕನ್ನಡ ಮಾತಾಡುವ ನಾಡುಗಳೆಲ್ಲ ಕೂಡಿದ್ದು ನಮ್ಮ ಹಿರಿಯರು ಬಹಳ ದಿನ ಕಂಡ ಕನಸು. ಆದರೆ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕನ್ನಡ ಮಂದಿ ಆ ಕಡೆ ಉಳಿದರು. ನಿಪ್ಪಾಣಿ, ಖಾನಾಪುರ ಸೀಮೆಯ ಮರಾಠಿ ಮಂದಿ ಈ ಕಡೆ ಉಳಿದರು.

ತಕರಾರು ಎದ್ದು 1966ರಲ್ಲಿ ಕೇಂದ್ರ ಸರಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರಚಂದ ಮಹಾಜನ ಅವರ ಆಯೋಗ ನೇಮಿಸಿತು. 1967ರ ವರದಿಯಲ್ಲಿ ಅವರು ಬೆಳಗಾವಿ ಪಟ್ಟಣ ಇಲ್ಲೇ ಇರಲಿ ಎಂದರು. ನಿಪ್ಪಾಣಿ, ಖಾನಾಪುರ ಸೇರಿ 264 ಹಳ್ಳಿ ಮಹಾರಾಷ್ಟ್ರಕ್ಕೆ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಸೇರಿ 247 ಹಳ್ಳಿ ನಮ್ಮ ಕಡೆಗೆ ಎಂದು ಶಿಫಾರಸು ಮಾಡಿದರು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರಕಾರ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಈ ನ್ಯಾಯ ಬಗೆಹರಿಸುವುದು ಕೋರ್ಟಿನ ಕೆಲಸ. ನಾವು ಬರೆಯಬೇಕಾದದ್ದು ಗೆರೆಯ ಮೇಲೆ ಬಾಳ್ವೆ ಮಾಡುವವರ ಮಾತು.

ಪ್ಯಾಟಿಗೆ ಗಡಿ ಇಲ್ಲ

ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿ.ಮೀ. ಬೆಳಗಾವಿ ಅದರ ಹತ್ತಿರ ಹತ್ತಿರ ಎರಡು ಪಟ್ಟು. ಹೀಗಿರುವಾಗ ರೈತನ ಗಾಡಿ ಯಾವ ಕಡೆ ಹೋಗಬೇಕೆಂದು ನಕಾಶೆ ಹೇಳಿದರೆ ಆಗುವುದಿಲ್ಲ. ಕೊಲ್ಹಾಪುರ ಬೆಲ್ಲಕ್ಕೆ, ಸಾಂಗಲಿ ಅರಿಷಿಣಕ್ಕೆ ಹೆಸರುವಾಸಿ. ಇಚಲಕರಂಜಿಗೆ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದು ಅದು ನೇಕಾರಿಕೆಯ ದೊಡ್ಡ ಊರಾಯಿತು. ಈ ಕಡೆ ಉಗಾರದಲ್ಲಿ 1939ರಲ್ಲೇ ಸಕ್ಕರೆ ಕಾರಖಾನೆಯ ಕಂಪನಿ ನಿಂತಿತು. ಮಿರಜಿನ ದವಾಖಾನೆಗಳಿಗೆ ನಮ್ಮ ಭಾಗದ ಎಷ್ಟೋ ಮನೆಗಳು ಜೀವದ ಋಣಿ. ಅದೇ ಮಿರಜಿನಲ್ಲಿ ಸಿತಾರ, ತಂಬೂರಿ ಮಾಡುವ ಮನೆತನಗಳಿವೆ. ಅಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನ್ ಸಾಹೇಬರ ಹತ್ತಿರ ಕಲಿತವರೇ ಕುಂದಗೋಳದ ಸವಾಯಿ ಗಂಧರ್ವರು.

'ಕೊಲ್ಹಾಪುರಿ ಚಪ್ಪಲಿ' ಎಂದು ಜಗತ್ತೆಲ್ಲ ಕರೆಯುತ್ತದೆ. ಅದನ್ನು ಹೊಲಿಯುವ ಕೈಗಳು ಅಥಣಿಯಲ್ಲೂ ನಿಪ್ಪಾಣಿಯಲ್ಲೂ ಇವೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮನ್ನಣೆ ಸಿಕ್ಕಾಗ ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಕೂಡಿಯೇ ಸಿಕ್ಕಿತು. ಜಗಳವಿಲ್ಲದೆ ಎರಡು ರಾಜ್ಯ ಹಂಚಿಕೊಂಡ ಹೆಸರು ಅದೊಂದು.

ದೇವರಿಗಂತೂ ಗಡಿ ಮೊದಲೇ ಇಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಗೆ ಆ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಸವದತ್ತಿ ಎಲ್ಲಮ್ಮನಿಗೆ ಕೊಲ್ಹಾಪುರದ ಮಂದಿ ಬರುತ್ತಾರೆ. ನಾವು ಜ್ಯೋತಿಬಾ ಗುಡ್ಡಕ್ಕೂ ನರಸೋಬಾವಾಡಿಗೂ ಹೋಗುತ್ತೇವೆ.

ರೈತನಿಗೆ ಬಂದ ಕಷ್ಟ ಒಂದೇ

1981ರ ಮಾತನ್ನು ಈ ಸಂಚಿಕೆಯಲ್ಲಿ ಬರೆಯದೆ ಬಿಟ್ಟರೆ ತಪ್ಪಾಗುತ್ತದೆ. ನಿಪ್ಪಾಣಿ ತಂಬಾಕಿನ ಪ್ಯಾಟಿ. ಬೆಳೆದವನು ರೈತ, ಬೆಲೆ ಕಟ್ಟುವವನು ವ್ಯಾಪಾರಿ. ಆ ವರ್ಷದ ಮಾರ್ಚ್‌ನಲ್ಲಿ ಶರದ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಪುಣೆ-ಬೆಂಗಳೂರು ಹೆದ್ದಾರಿ ತಡೆದು ದಿನಗಟ್ಟಲೆ ಅಲ್ಲೇ ಕೂತರು. ಏಪ್ರಿಲ್ 6ರಂದು ಗೋಳಿಬಾರ ಆಯಿತು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಅಲ್ಲಿ ಕೂತವರಲ್ಲಿ ಮರಾಠಿ ಮಾತಾಡುವವರೂ ಇದ್ದರು, ಕನ್ನಡ ಮಾತಾಡುವವರೂ ಇದ್ದರು. ಗುಂಡು ಯಾರ ಭಾಷೆಯನ್ನೂ ಕೇಳಲಿಲ್ಲ.

ಮಹಾಪೂರವೂ ಹಾಗೆಯೇ. 2005, 2019, 2021ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿದಾಗ ಶಿರೋಳದ ಕಬ್ಬೂ ಮುಳುಗಿತು, ಚಿಕ್ಕೋಡಿಯ ಕಬ್ಬೂ ಮುಳುಗಿತು. 2019 ಮತ್ತು 2021ರಲ್ಲಿ ಯಮಗರ್ಣಿ ಹತ್ತಿರ ಹೆದ್ದಾರಿ ಮೇಲೇ ನೀರು ಬಂದು ವಾಹನ ನಿಂತವು. ಮೇಲಿನ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರೆಂಬ ಸುದ್ದಿ ಹೊತ್ತಿಗೆ ಸರಿಯಾಗಿ ಸಿಕ್ಕರೆ ದನಕರು, ಪಂಪಸೆಟ್ಟು ಉಳಿಯುತ್ತವೆ. ಆ ಸುದ್ದಿ ನಮಗೆ ಬರಬೇಕಾದದ್ದು ಗೆರೆಯ ಆಚೆಯಿಂದಲೇ.

ಗೆರೆ ಬಿಗಿಯಾದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2021ರಲ್ಲಿ ಕೊರೋನಾ ಕಾಲಕ್ಕೆ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ತಪಾಸಣೆ ಚೀಟಿ ಇಲ್ಲದೆ ದಾಟುವಂತಿರಲಿಲ್ಲ. ರೋಗ ತಡೆಯಲು ಅದು ಬೇಕಾಗಿತ್ತು, ಒಪ್ಪೋಣ. ಆದರೆ ಮಗಳ ಮನೆ ಆ ಕಡೆ, ತವರು ಈ ಕಡೆ ಇದ್ದವರ ಸಂಕಟ ಬೇರೆಯೇ. 2022ರ ಡಿಸೆಂಬರ್‌ನಲ್ಲಿ ಗಡಿ ಗದ್ದಲ ಎದ್ದಾಗ ಬಸ್ಸುಗಳಿಗೆ ಕಲ್ಲು ಬಿದ್ದವು, ಕೆಲವು ದಿನ ಬಸ್ಸು ನಿಂತವು. ಗದ್ದಲ ಮಾಡಿದವರು ದೂರದ ಊರಿನವರಾದರೂ ನಿಲ್ದಾಣದಲ್ಲಿ ಗಂಟು ಹಿಡಿದು ಕೂತವರು ನಮ್ಮಂಥ ಹಳ್ಳಿಯವರು.

ಸಹಕಾರವೂ ಒಂದೇ ಬೇರಿನದು

ಇದೆಲ್ಲಕ್ಕೂ ಸಂಘಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. 1904ರಲ್ಲಿ ಸಹಕಾರ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಅದು ಆಗ ಮುಂಬೈ ಪ್ರಾಂತದ ಊರು. ಮುಂದೆ 1925ರ ಮುಂಬೈ ಸಹಕಾರ ಸಂಘಗಳ ಕಾಯ್ದೆ ಎರಡೂ ಕಡೆಗೆ ನಡೆಯಿತು. ರಾಜ್ಯ ಬೇರೆಯಾದ ಮೇಲೆ ನಮ್ಮಲ್ಲಿ 1959ರ ಕಾಯ್ದೆ, ಅವರಲ್ಲಿ 1960ರ ಕಾಯ್ದೆ ಬಂದವು. ಒಂದೇ ತಾಯಿಯ ಎರಡು ಮಕ್ಕಳು ಬೇರೆ ಒಲಿ ಹೂಡಿದಂತೆ ಆಯಿತು. ಎರಡು ರಾಜ್ಯದಲ್ಲೂ ಸದಸ್ಯರಿರುವ ಸಂಘಗಳಿಗೆ ಈಗ 2002ರ ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆ ಇದೆ.

ಆ ಕಡೆ ವಾರಣಾ ಭಾಗದಲ್ಲಿ ತಾತ್ಯಾಸಾಹೇಬ ಕೋರೆಯವರು, ಈ ಕಡೆ ಸಂಕೇಶ್ವರ ಭಾಗದಲ್ಲಿ ಅಪ್ಪಣಗೌಡ ಪಾಟೀಲರು ಸಹಕಾರದಿಂದಲೇ ಹಳ್ಳಿಗಳ ಮುಖ ಬದಲಿಸಿದರು. ಹುಕ್ಕೇರಿಯಲ್ಲಿ 1969ರಲ್ಲಿ ನಿಂತ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹಳ್ಳಿ ಮಂದಿಯೇ ಕರೆಂಟು ಹಂಚಬಲ್ಲರೆಂದು ತೋರಿಸಿತು. ಇವರೆಲ್ಲ ಒಬ್ಬರನ್ನೊಬ್ಬರು ನೋಡಿ ಕಲಿತ ನೆರೆಹೊರೆಯವರು.

ಸದಸ್ಯರಲ್ಲಿ ನಮ್ಮ ವಿನಂತಿ

ಕನ್ನಡ ನಮ್ಮ ತಾಯಿ. ಸಂಘದ ದಫ್ತರ, ನೋಟೀಸು, ಸಭೆಯ ನಡಾವಳಿ ಕನ್ನಡದಲ್ಲೇ ಇರಬೇಕು, ಶಾಲೆಯಲ್ಲಿ ಮಕ್ಕಳು ಚಲೋ ಕನ್ನಡ ಕಲಿಯಬೇಕು. ಅದರಲ್ಲಿ ರಾಜಿ ಇಲ್ಲ. ಆದರೆ ಕೌಂಟರಿನ ಮುಂದೆ ನಿಂತು ಮರಾಠಿಯಲ್ಲಿ ಕೇಳಿದ ಸದಸ್ಯನೂ ನಮ್ಮ ಷೇರುದಾರನೇ. ಅವನ ಪಾಸಬುಕ್ಕಿನ ರೂಪಾಯಿಗೂ ನಮ್ಮ ರೂಪಾಯಿಗೂ ಬೆಲೆ ಒಂದೇ. ಈ ಮಾತು ಸಡಿಲಾದ ದಿನ ಸಂಘ ಎರಡು ಗುಂಪಾಗುತ್ತದೆ; ಎರಡು ಗುಂಪಾದ ಸಂಘಕ್ಕೆ ವಸೂಲಿಯೂ ಇಲ್ಲ, ಠೇವಣಿಯೂ ಇಲ್ಲ.

ಆಡಳಿತ ಮಂಡಳಿಯ ಮುಂದೆ ಎರಡು ಸೂಚನೆ ಇಡುತ್ತೇವೆ. ಒಂದು, ಊರಿನ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಯಡೂರು, ಖಿದ್ರಾಪುರ, ಕಣಗಿನಹಾಳದಂಥ ಊರುಗಳಿಗೆ ಸಂಘದ ಖರ್ಚಿನಲ್ಲಿ ಕರೆದುಕೊಂಡು ಹೋಗಬೇಕು. ಎರಡು, ಮಳೆಗಾಲದಲ್ಲಿ ಹೊಳಿಯ ಮೇಲ್ಭಾಗದ ಆಚೆಯ ಸಂಘಗಳ ಜೊತೆ ಫೋನಿನ ಸಂಪರ್ಕ ಇಟ್ಟುಕೊಂಡು ನೀರಿನ ಸುದ್ದಿಯನ್ನು ಸಂಘದ ಫಲಕದ ಮೇಲೆ ದಿನಾ ಬರೆಯಬೇಕು. ಎರಡಕ್ಕೂ ದೊಡ್ಡ ಖರ್ಚಿಲ್ಲ.

ಸಂಘ ಕಟ್ಟಿದ ಹಿರಿಯರಲ್ಲಿ ಕೆಲವರು ಈಗಿಲ್ಲ. ಅವರನ್ನು ನೆನೆದು, ಸಂಘವು ಬಂಗಾರದ ಮಹೋತ್ಸವವನ್ನೂ ಇದೇ ಒಗ್ಗಟ್ಟಿನಲ್ಲಿ ಕಾಣಲೆಂದು ಹಾರೈಸಿ ಈ ಲೇಖನ ಮುಗಿಸುತ್ತೇವೆ. ಜೈ ಕಿಸಾನ್, ಜೈ ಸಹಕಾರ.