ಹನಸೋಗೆಯ ಬಳಿ: ಒಂದು ಮುನಿಪರಂಪರೆಯ ಮೂಲಸ್ಥಾನ

ಮೈಸೂರು-ಹುಣಸೂರು ಹೆದ್ದಾರಿಯಿಂದ ಬಿಳಿಕೆರೆಯಲ್ಲಿ ಕವಲೊಡೆಯುವ ರಸ್ತೆಯು ಕೃಷ್ಣರಾಜನಗರಕ್ಕೆ ಹೋಗುತ್ತದೆ. ಆ ಸೀಮೆಯಲ್ಲಿ, ಕಾವೇರಿಗೆ ಅನತಿದೂರದಲ್ಲಿರುವ ಚಿಕ್ಕಹನಸೋಗೆಯು ಶಾಸನಗಳಲ್ಲಿ ಬರುವ ಪನಸೋಗೆ. ಮಧ್ಯಯುಗದ ಜೈನಮುನಿಗಳ ಪ್ರಬಲ ಕೇಂದ್ರವೊಂದು ಇಲ್ಲಿತ್ತು. ಮಠದ ಅವಶೇಷಗಳನ್ನು ಅರಸಿ ಬರುವವನಿಗೆ ಮೊದಲು ನಿರಾಶೆಯಾಗುವುದು ಸಹಜ. ಕಣ್ಣಿಗೆ ಮುಖ್ಯವಾಗಿ ಬೀಳುವುದು ಮೂರು ಗರ್ಭಗೃಹಗಳುಳ್ಳ ಆದಿನಾಥ ಬಸದಿ ಮತ್ತು ಕೆಲವು ಶಾಸನಶಿಲೆಗಳು ಮಾತ್ರ. ಆದರೆ ಆ ಶಿಲೆಗಳನ್ನು ಓದದೆ ಹಿಂದಿರುಗುವವನು ಹನಸೋಗೆಯನ್ನು ಕಂಡಂತಾಗಲಿಲ್ಲ.

1898ರಲ್ಲಿ ಬಿ. ಎಲ್. ರೈಸರು ಪ್ರಕಟಿಸಿದ ಎಡತೊರೆ ತಾಲ್ಲೂಕಿನ ಶಾಸನಗಳಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಇಲ್ಲಿಯ 64 ಬಸದಿಗಳನ್ನು ದಶರಥನ ಮಗನೂ ಸೀತೆಯ ಪತಿಯೂ ಆದ ರಾಮನೇ ಸ್ಥಾಪಿಸಿದನೆಂದೂ, ಮುಂದೆ ಗಂಗರೇ ಮೊದಲಾದವರು ದತ್ತಿ ಬಿಟ್ಟರೆಂದೂ ಅವು ಹೇಳುತ್ತವೆ. 11ನೆಯ ಶತಮಾನದ ಮಧ್ಯಭಾಗದಲ್ಲಿ ರಾಜೇಂದ್ರಚೋಳ ನನ್ನಿ ಚಂಗಾಳ್ವನು ದೇಸಿಗಣ ಪುಸ್ತಕಗಚ್ಛದ ಬಸದಿಯನ್ನು ಮರಳಿ ಕಟ್ಟಿಸಿದನು.

ರಾಮನ ಕಥೆಯನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಕಾಲವನ್ನು ಗಮನಿಸಬೇಕು. ಆ ಶತಮಾನದ ಆದಿಯಲ್ಲಿ ಪನಸೋಗೆಯ ಯುದ್ಧವು ನಡೆದು ಚಂಗಾಳ್ವರು ಚೋಳರಿಗೆ ಅಧೀನರಾಗಿದ್ದರು; ಅರಸನ ಹೆಸರಿನಲ್ಲಿಯೇ ಗೆದ್ದವರ ಹೆಸರು ಸೇರಿಹೋಗಿದೆ. ಒಡೆತನಗಳು ಬದಲಾಗುತ್ತಿದ್ದ ಇಂತಹ ದಿನಗಳಲ್ಲಿ ಇಲ್ಲಿಯ ಮುನಿಗಳು ಹನಸೋಗೆಯ ಬಸದಿಗಳ ಮೇಲೆ ಮಾತ್ರವಲ್ಲದೆ ತಲಕಾವೇರಿಯವರೆಗೂ ತಮ್ಮ ಅಧಿಕಾರವನ್ನು ಪ್ರತಿಪಾದಿಸಿದರು. ರಾಮನಿಂದ ಬಂದ ಹಕ್ಕನ್ನು ಯಾವ ಅರಸನೂ ಕಸಿಯಲಾರನಷ್ಟೆ! ಇತಿಹಾಸಕಾರನಿಗೆ ಈ ಐತಿಹ್ಯವು ತ್ರೇತಾಯುಗಕ್ಕೆ ಸಾಕ್ಷಿಯಲ್ಲ. 11ನೆಯ ಶತಮಾನದ ಆತಂಕಕ್ಕೆ ಸಾಕ್ಷಿ.

ಮುಂದೆ ಚಂಗಾಳ್ವರು ಶೈವರಾದರು. ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನನು ಅವರ ಕುಲದೈವವಾದನು. ರಾಜಾಶ್ರಯವು ತಪ್ಪಿದ ಮೇಲೆ ಹನಸೋಗೆಯು ಕ್ಷೀಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಹೆಸರು ಅಳಿಯಲಿಲ್ಲ. ಶಾಸನಗಳ 'ಹನಸೋಗೆಯ ಬಳಿ' ಎಂಬಲ್ಲಿ 'ಬಳಿ' ಎಂದರೆ ಸಮೀಪವಲ್ಲ, ಮುನಿಪರಂಪರೆಯ ಶಾಖೆ. ಈ ಶಾಖೆಯು ಘಟ್ಟವನ್ನಿಳಿದು ಕಾರ್ಕಳದಲ್ಲಿ ಭೈರರಸರ ಗುರುಪೀಠವಾಯಿತು. 1432ರಲ್ಲಿ ವೀರಪಾಂಡ್ಯನು ಗೊಮ್ಮಟಮೂರ್ತಿಯನ್ನು ನಿಲ್ಲಿಸಿದುದು ಪನಸೋಗೆಯ ಪರಂಪರೆಯ ಲಲಿತಕೀರ್ತಿಮುನಿಯ ಉಪದೇಶದಿಂದ. 1586ರ ಚತುರ್ಮುಖ ಬಸದಿಯ ಶಾಸನದಲ್ಲಿಯೂ ಇದೇ ಪರಂಪರೆಯ ಗುರುವಿನ ಸ್ಮರಣೆಯಿದೆ.

ಅವಶೇಷಗಳನ್ನು ನೋಡಹೋಗುವ ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಡಬೇಕು. ಮಠವೆಂಬುದು ಗೋಡೆಗಳ ಸಮೂಹವಲ್ಲ. ಗುರುವಿನಿಂದ ಶಿಷ್ಯನಿಗೆ ಸಾಗುವ ಅಧಿಕಾರ. ಹನಸೋಗೆಯ ಗೋಡೆಗಳನ್ನು ಹನಸೋಗೆಯಲ್ಲಿ ಹುಡುಕಬಹುದು. ಅದರ ಉತ್ತರಚರಿತ್ರೆಯನ್ನು ಕಾರ್ಕಳದ ಬಂಡೆಯ ಮೇಲೆ ಓದಬೇಕು.