ಇಲ್ಲಿ ಹಾಗೆಲ್ಲ ಆಗೋದಿಲ್ಲ

ಸಿಂಕ್ಲೇರ್ ಲೂಯಿಸನ 'ಇಟ್ ಕಾಂಟ್ ಹ್ಯಾಪನ್ ಹಿಯರ್' ಕಾದಂಬರಿಯನ್ನು ನಾನು ಮೊದಲು ಓದಿದ್ದು ಎಂಬತ್ತರ ದಶಕದಲ್ಲಿ. ಫ್ಲೋರಾ ಫೌಂಟನ್ ಫುಟ್‌ಪಾತಿನಲ್ಲಿ ಕೊಂಡ ಹರಕು ಪ್ರತಿ. ಆಗ ಕಥೆ ಮುಗಿಸುವ ಅವಸರ. ಈ ಸಲದ ಮಳೆಗಾಲದಲ್ಲಿ, ಡೊಂಬಿವಿಲಿಯ ಮನೆಯಲ್ಲಿ ಕೂತು, ಪಕ್ಕದಲ್ಲಿ ಜರ್ಮನಿಯ ಇತಿಹಾಸ ಇಟ್ಟುಕೊಂಡು, ಪೆನ್ಸಿಲ್ ಹಿಡಿದು ನಿಧಾನವಾಗಿ ಓದಿದೆ. ನಿವೃತ್ತರಿಗೆ ಇನ್ನೇನು ಕೆಲಸ ಹೇಳಿ!

ಪುಸ್ತಕ ಬಂದಿದ್ದು 1935ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಲೂಯಿಸ್‌ಗೆ ನೊಬೆಲ್ ಬಂದು ಐದು ವರ್ಷವಾಗಿತ್ತು. ಆದರೆ ಈ ಕಾದಂಬರಿಯ ಬೇರು ಅವನ ಹೆಂಡತಿಯ ಅನುಭವದಲ್ಲಿದೆ ಅಂತ ನನಗನ್ನಿಸುತ್ತೆ. ಡೊರೊಥಿ ಥಾಂಪ್ಸನ್ ದೊಡ್ಡ ಪತ್ರಕರ್ತೆ. 1931ರಲ್ಲಿ ಹಿಟ್ಲರನನ್ನು ಖುದ್ದು ಕಂಡು ಮಾತಾಡಿಸಿ, ಈ ಮನುಷ್ಯ ಸರ್ವಾಧಿಕಾರಿ ಆಗುವ ಆಸಾಮಿಯಲ್ಲ ಅಂತ ಬರೆದರು. 1933ರ ಜನವರಿ 30ಕ್ಕೆ ಅವನು ಚಾನ್ಸಲರ್ ಆದ. 1934ರ ಆಗಸ್ಟಿನಲ್ಲಿ ಈಕೆಯನ್ನೇ ಜರ್ಮನಿಯಿಂದ ಹೊರಗೆ ಹಾಕಿದರು. ಅಷ್ಟು ಹತ್ತಿರದಿಂದ ನೋಡಿದವರ ಕಣ್ಣೇ ತಪ್ಪಿತಲ್ಲ, ಉಳಿದವರ ಪಾಡೇನು?

ಕಾದಂಬರಿಯಲ್ಲಿ ಬಜ್ ವಿಂಡ್ರಿಪ್ ಎಂಬ ಸೆನೆಟರ್ ಪ್ರತಿ ಕುಟುಂಬಕ್ಕೆ 5000 ಡಾಲರ್ ಕೊಡಿಸುತ್ತೇನೆ ಅಂತ ಹೇಳಿ ಚುನಾವಣೆ ಗೆಲ್ಲುತ್ತಾನೆ. ಲೂಯಿಸಿಯಾನಾದ ಹ್ಯೂಯಿ ಲಾಂಗ್‌ನ ನೆರಳು ಈ ಪಾತ್ರದಲ್ಲಿ ಎದ್ದು ಕಾಣುತ್ತೆ. ಪುಸ್ತಕ ಹೊರಬರುವ ಮುಂಚಿನ ತಿಂಗಳೇ ಲಾಂಗ್ ಗುಂಡೇಟಿಗೆ ಸತ್ತಿದ್ದ. ಗೆದ್ದ ವಿಂಡ್ರಿಪ್ ಸರ್ವಾಧಿಕಾರ ಕೇಳಿದಾಗ ಕಾಂಗ್ರೆಸ್ ಕೊಡೋದಿಲ್ಲ ಅನ್ನುತ್ತೆ. ಅವನ ಸ್ವಂತ ಪಡೆ ಬಂದು ಸದಸ್ಯರನ್ನು ಹಿಡಿದೊಯ್ಯುತ್ತೆ.

ಇಲ್ಲಿ ಕಾದಂಬರಿಕಾರನೇ ಸ್ವಲ್ಪ ಉದಾರಿಯಾದ ನೋಡಿ. ನಿಜವಾದ ಜರ್ಮನಿಯಲ್ಲಿ ಸಂಸತ್ತು ತಾನೇ ಕೈಯೆತ್ತಿ ಕೊಟ್ಟಿತು. 1933ರ ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ. ಮರುದಿನ ಸುಗ್ರೀವಾಜ್ಞೆ, ನಾಗರಿಕ ಹಕ್ಕುಗಳು ರದ್ದು. ಮಾರ್ಚ್ 23ಕ್ಕೆ ಒಂದು ಒಪೆರಾ ಮಂದಿರದಲ್ಲಿ ಸಭೆ ಸೇರಿತು. ಕಮ್ಯುನಿಸ್ಟರನ್ನು ಒಳಗೇ ಬಿಡಲಿಲ್ಲ. ಸುತ್ತ ಹಿಟ್ಲರನ ಸಮವಸ್ತ್ರದ ಹುಡುಗರು. ಸಂಸತ್ತನ್ನು ಕೇಳದೆ ಕಾನೂನು ಮಾಡುವ ಅಧಿಕಾರಕ್ಕೆ ಪರ 444, ವಿರುದ್ಧ 94. ಆ 94 ಮಂದಿಯೂ ಸೋಷಿಯಲ್ ಡೆಮಾಕ್ರಾಟರು. ಉಳಿದ ಮರ್ಯಾದಸ್ಥ ಪಕ್ಷಗಳೆಲ್ಲ, ಪರವಾಗಿಲ್ಲ, ಮುಂದೆ ಸರಿಹೋಗುತ್ತೆ ಅಂದುಕೊಂಡು ಹೂಂ ಅಂದವು.

ಕಾದಂಬರಿಯ ನಾಯಕ ಡೋರೆಮಸ್ ಜೆಸಪ್ ಕೂಡ ಅಂಥವನೇ. ವರ್ಮಾಂಟಿನ ಸಣ್ಣ ಊರಿನ ಪತ್ರಿಕೆಯ ಸಂಪಾದಕ, ಅರವತ್ತು ವರ್ಷ, ಒಳ್ಳೆಯವನು. ಇದೊಂದು ಜ್ವರ, ಇಳಿಯುತ್ತೆ ಅಂತ ಕಾಯುತ್ತಾನೆ. ಮನೆಗೆಲಸದ ಆಳೇ ಸರ್ಕಾರಿ ಅಧಿಕಾರಿಯಾಗಿ ಎದುರು ನಿಲ್ಲುತ್ತಾನೆ. ಕಡೆಗೊಮ್ಮೆ ಒಂದು ಸಂಪಾದಕೀಯ ಬರೆಯುತ್ತಾನೆ, ಆ ಗಲಾಟೆಯಲ್ಲಿ ಅಳಿಯನ ಜೀವ ಹೋಗುತ್ತೆ. ಆಗ ಅವನು ಬೈಯುವುದು ವಿಂಡ್ರಿಪ್‌ನನ್ನಲ್ಲ, ತನ್ನಂಥ ಸಭ್ಯ ಸೋಮಾರಿಗಳನ್ನು. ಆ ಪುಟದ ಅಂಚಿನಲ್ಲಿ ನನ್ನ ಪೆನ್ಸಿಲ್ ನಿಂತುಬಿಟ್ಟಿತು.

ಯಾಕಂದ್ರೆ 1975ರ ಜೂನಿನಲ್ಲಿ ನಾನು ಬೊಂಬಾಯಿಯಲ್ಲೇ ಇದ್ದೆ, ಧಾರವಾಡದಿಂದ ಬಂದು ಮೂರು ವರ್ಷವಾಗಿತ್ತು, ಒಂದು ಬ್ಯಾಂಕಿನಲ್ಲಿ ಗುಮಾಸ್ತೆ. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತ್ತು. ಪ್ರಿಂಟಿಂಗ್ ತಪ್ಪು ಅಂದುಕೊಂಡು ಮಡಿಸಿಟ್ಟೆ! ಮುಂದಿನ ವಾರ ನಮ್ಮ ಸೆಕ್ಷನ್ನಿನ ಮರಾಠಿ ಗೆಳೆಯನೊಬ್ಬನನ್ನು, ಯೂನಿಯನ್ನಿನವನು, ರಾತ್ರಿ ಎಬ್ಬಿಸಿ ಕರೆದೊಯ್ದರು. ಅವನು ತಿರುಗಿ ಬಂದದ್ದು 1977ರಲ್ಲಿ. ಅಷ್ಟು ದಿನವೂ ಅವನ ಮನೆ ಕಡೆ ನಾನು ಒಮ್ಮೆಯೂ ಹೋಗಲಿಲ್ಲ. ಎರಡೇ ಸ್ಟೇಷನ್ ದೂರ.

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ನಾನು ಆಗ ಬರೆದ ಇನ್‌ಲ್ಯಾಂಡ್ ಪತ್ರ ಸಿಕ್ಕಿತ್ತು. ಮೊನ್ನೆ ಹುಡುಕಿ ತೆಗೆದೆ. ಇಲ್ಲಿ ಎಲ್ಲ ಶಾಂತವಾಗಿದೆ, ಲೋಕಲ್ ಗಾಡಿ ಟೈಮಿಗೆ ಸರಿಯಾಗಿ ಬರ್ತಿವೆ, ಆಫೀಸಿಗೆ ಎಲ್ಲರೂ ಹತ್ತಕ್ಕೇ ಹಾಜರು ಅಂತ ಸಂತೋಷದಿಂದ ಬರೆದಿದ್ದೇನೆ. ಗೆಳೆಯನ ಬಗ್ಗೆ ಒಂದು ಸಾಲೂ ಇಲ್ಲ.